ಅಂಧ ಮಕ್ಕಳ ಶಿಕ್ಷಣ ಮತ್ತು ವೃತ್ತಿ ತರಬೇತಿ: ವಸಾಹತುಕಾಲದ ಕನ್ನಡನಾಡು ಮತ್ತು ಕುಂದಾಪುರ ಸೀಮೆ

ಅಂಧ ಮಕ್ಕಳ ಶಿಕ್ಷಣವೆಂದರೆ ಕಣ್ಣಿನ ನೆರವಿಲ್ಲದೆ ಅಥವಾ ಅತ್ಯಲ್ಪ ನೆರವಿನಿಂದ ಕಲಿಯಬೇಕಾದ ಮಕ್ಕಳಿಗೆ ಸ್ಪರ್ಶ ಮತ್ತು ಶ್ರವಣಗಳ ಮೂಲಕ ಓದು, ಬರಹ, ಲೆಕ್ಕ, ಸಂಚಾರ ಹಾಗೂ ಜೀವನೋಪಾಯದ ಕಸುಬುಗಳನ್ನು ಕಲಿಸುವ ವ್ಯವಸ್ಥೆ. ಭಾರತದಲ್ಲಿ ಇದು 1887ರಲ್ಲಿ ಸಂಸ್ಥಾರೂಪ ತಾಳಿತು. ಕನ್ನಡನಾಡಿನಲ್ಲಿ 1901ರಲ್ಲಿ ಮೈಸೂರಿನಲ್ಲಿ ಮೊದಲ್ಗೊಂಡು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗದಗಿನಲ್ಲಿ ತೀರ ಬೇರೆಯದೇ ಆದ ರೂಪವನ್ನು ಪಡೆಯಿತು. ಇಂದಿನ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳನ್ನು ಒಳಗೊಂಡ ಕರಾವಳಿ ಸೀಮೆಗೆ ವಸಾಹತುಕಾಲದಲ್ಲಿ ಇಂಥ ಶಾಲೆ ದೊರೆಯಲಿಲ್ಲ. ಈ ಸೀಮೆಯ ಮಟ್ಟಿಗೆ ಅಂಧ ಶಿಕ್ಷಣದ ಚರಿತ್ರೆಯೆಂದರೆ ಬಹುಪಾಲು ಮಗುವಿಗೂ ಶಾಲೆಗೂ ನಡುವಿದ್ದ ದೂರದ ಚರಿತ್ರೆಯೇ ಆಗಿದೆ.

ವ್ಯಾಖ್ಯೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮದ ಪ್ರಕಾರ, ಕನ್ನಡಕ ಮುಂತಾದ ಗರಿಷ್ಠ ಪರಿಹಾರದ ನಂತರವೂ ಉತ್ತಮವಾದ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ಸಾಮಾನ್ಯ ದೃಷ್ಟಿಯವರು 60 ಮೀಟರ್ ದೂರದಿಂದ ಗುರುತಿಸುವುದನ್ನು 3 ಮೀಟರ್‌ವರೆಗೆ ಬಂದರೂ ಗುರುತಿಸಲಾಗದಿರುವುದು ಎಂದು ಈ ಅಳತೆಯನ್ನು ಅರ್ಥಮಾಡಿಕೊಳ್ಳಬೇಕು. ಇದಕ್ಕಿಂತ ಮೇಲಿದ್ದು 6/18ನ್ನು ಮೀರದ ದೃಷ್ಟಿಯನ್ನು ಮಂದದೃಷ್ಟಿ ಎಂದು ಪ್ರತ್ಯೇಕಿಸಲಾಗಿದೆ. ವಸಾಹತುಕಾಲದ ದಾಖಲೆಗಳಲ್ಲಿ ಈ ಭೇದವಿರಲಿಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ಕುರುಡುತನವನ್ನು ಬುದ್ಧಿಭ್ರಮಣೆ, ಕಿವುಡು-ಮೂಕತನ ಮತ್ತು ಕುಷ್ಠಗಳ ಜೊತೆಯಲ್ಲಿ ಒಂದು ‘ಊನ’ವಾಗಿ ಎಣಿಸಿದವು, 1941ರ ಗಣತಿಯಲ್ಲಿ ಈ ಎಣಿಕೆಯನ್ನು ಕೈಬಿಡಲಾಯಿತು. ಗಣತಿದಾರನು ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದನೇ ಹೊರತು ಕಣ್ಣನ್ನು ಪರೀಕ್ಷಿಸುತ್ತಿರಲಿಲ್ಲವಾದ್ದರಿಂದ, ಆ ಅಂಕಿಅಂಶಗಳನ್ನು ಇಂದಿನ ಲೆಕ್ಕಗಳೊಡನೆ ನೇರವಾಗಿ ಹೋಲಿಸುವಂತಿಲ್ಲ.

ಬಾಲ್ಯದ ಅಂಧತ್ವದ ಕಾರಣಗಳು

ಹಿಂದೆ ಮಕ್ಕಳ ಕಣ್ಣು ಹೋಗುತ್ತಿದ್ದುದು ಹೆಚ್ಚಾಗಿ ತಡೆಯಬಹುದಾದ ಕಾಯಿಲೆಗಳಿಂದ. ಸಿಡುಬು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ ಹುಣ್ಣೆಬ್ಬಿಸಿ, ಮಾಯ್ದ ಮೇಲೆ ಬಿಳಿಯ ಕಲೆಯನ್ನು ಉಳಿಸುತ್ತಿತ್ತು. ಜನರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಿದ್ದುದು ಇಂಥ ಕಲೆಯನ್ನೇ. ಹೆರಿಗೆಯ ವೇಳೆ ತಾಯಿಯಿಂದ ತಗಲುವ ಸೋಂಕಿನಿಂದ ನವಜಾತ ಶಿಶುಗಳಿಗೆ ಬರುವ ಕಣ್ಣುಬೇನೆ, ರೆಪ್ಪೆಯೊಳಗೆ ಕಾಳುಕಾಳಾಗಿ ಏಳುವ ಟ್ರಕೋಮ, ಹಾಗೂ ‘ಎ’ ಜೀವಸತ್ವದ ಕೊರತೆಯಿಂದ ಇರುಳುಗಣ್ಣಾಗಿ ತೊಡಗಿ ಕೊನೆಗೆ ಕಣ್ಣಿನ ಪಟಲವನ್ನೇ ಕರಗಿಸುವ ರೋಗ ಇವು ಉಳಿದ ಮುಖ್ಯ ಕಾರಣಗಳು. ನವಜಾತ ಶಿಶುವಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಸೋಂಕು ತಪ್ಪುತ್ತದೆಂದು ಜರ್ಮನಿಯ ಕಾರ್ಲ್ ಕ್ರೆಡೆ 1880ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರೂ, ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಊರುಗಳಿಗೆ ಆ ಹನಿ ತಲುಪಲು ಬಹುಕಾಲ ಹಿಡಿಯಿತು. ನುಗ್ಗೆ, ಹರಿವೆಯಂಥ ಸೊಪ್ಪುಗಳಲ್ಲಿ ‘ಎ’ ಜೀವಸತ್ವಕ್ಕೆ ಬೇಕಾದ ಅಂಶ ಧಾರಾಳವಾಗಿದ್ದರೂ, ಎಳೆಯ ಮಕ್ಕಳಿಗೆ, ಅದರಲ್ಲೂ ಜ್ವರ-ಭೇದಿಯಿಂದ ಎದ್ದ ಮಕ್ಕಳಿಗೆ, ಸೊಪ್ಪು ಉಣಿಸುವ ರೂಢಿ ಎಲ್ಲೆಡೆ ಇರಲಿಲ್ಲ. 1970ರಿಂದ ಮಕ್ಕಳಿಗೆ ‘ಎ’ ಜೀವಸತ್ವದ ದ್ರಾವಣವನ್ನು ನೀಡುವ ಕಾರ್ಯಕ್ರಮವೂ 1976ರಿಂದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಜಾರಿಗೆ ಬಂದವು. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗಂಡಿತು. ಇದರಿಂದ ಅಂಧ ಶಾಲೆಗಳಿಗೆ ಬರುವ ಮಕ್ಕಳ ಸ್ವರೂಪವೇ ಬದಲಾಯಿತು. ಇಂದು ಆನುವಂಶಿಕ ದೋಷಗಳು, ಹುಟ್ಟಿನಿಂದ ಬರುವ ಪೊರೆ ಮತ್ತು ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲ ದೋಷ ಮುಂದೆ ನಿಂತಿವೆ.

ಉಗಮ

ಕುರುಡರಿಗೆಂದೇ ಮೀಸಲಾದ ಮೊದಲ ಶಾಲೆಯನ್ನು ವ್ಯಾಲಂಟೈನ್ ಆಯೀ ಪ್ಯಾರಿಸಿನಲ್ಲಿ 1784ರಲ್ಲಿ ಸ್ಥಾಪಿಸಿ, ಕಾಗದದ ಮೇಲೆ ಉಬ್ಬಿಸಿದ ದೊಡ್ಡ ಅಕ್ಷರಗಳನ್ನು ಬೆರಳಿನಿಂದ ಓದಿಸಿದರು. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ (1809–1852) ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ವಿಲಿಯಂ ಮೂನ್ 1840ರ ದಶಕದಲ್ಲಿ ರೋಮನ್ ಅಕ್ಷರಗಳನ್ನು ಸರಳಗೊಳಿಸಿ ಉಬ್ಬುಗೆರೆಗಳ ಲಿಪಿಯೊಂದನ್ನು ತಂದರು. ಭಾರತಕ್ಕೆ ಬಂದ ಮಿಷನರಿಗಳಲ್ಲಿ ಹಲವರು ಮೊದಲು ಕೈಗೆತ್ತಿಕೊಂಡದ್ದು ಈ ಮೂನ್ ಲಿಪಿಯನ್ನೇ.

ಭಾರತದ ಮೊದಲ ಅಂಧ ಶಾಲೆಯನ್ನು ಆನ್ನಿ ಶಾರ್ಪ್ ಎಂಬ ಮಿಷನರಿ ಮಹಿಳೆ ಅಮೃತಸರದಲ್ಲಿ 1887ರಲ್ಲಿ ತೆರೆದರು. ಅದು 1903ರಲ್ಲಿ ಡೆಹ್ರಾಡೂನಿನ ಸಮೀಪದ ರಾಜಪುರಕ್ಕೆ ಸ್ಥಳಾಂತರಗೊಂಡಿತು. ಮದರಾಸು ಪ್ರಾಂತದ ದಕ್ಷಿಣ ತುದಿಯ ಪಾಳಯಂಕೋಟೆಯಲ್ಲಿ ಕುಮಾರಿ ಆಸ್ಕ್‌ವಿತ್ 1890ರಲ್ಲಿಯೂ, ಕಲ್ಕತ್ತದಲ್ಲಿ ಲಾಲ್ ಬಿಹಾರಿ ಷಾ 1897ರಲ್ಲಿಯೂ ಶಾಲೆಗಳನ್ನು ಆರಂಭಿಸಿದರು. ಮುಂಬಯಿಯಲ್ಲಿ ಅಮೆರಿಕನ್ ಮಿಷನ್ನಿನ ಆನ್ನಾ ಮಿಲ್ಲಾರ್ಡ್ 1900ರಲ್ಲಿ ತೊಡಗಿದ ಶಾಲೆಯೂ ಅದರ ಬೆನ್ನಿಗೇ ಬಂದ ವಿಕ್ಟೋರಿಯಾ ಸ್ಮಾರಕ ಶಾಲೆಯೂ ಪಶ್ಚಿಮ ಭಾರತದ ಮೊದಲ ಸಂಸ್ಥೆಗಳು. ಕ್ಷಾಮದ ವರ್ಷಗಳಲ್ಲಿ ಅನಾಥರಾದ ಮಕ್ಕಳಲ್ಲಿ ಕುರುಡರೂ ಇದ್ದುದು ಮಿಷನ್ನುಗಳನ್ನು ಈ ಕೆಲಸಕ್ಕೆ ಎಳೆದ ಕಾರಣಗಳಲ್ಲಿ ಒಂದು. ಹೀಗಾಗಿ ಆರಂಭದ ಶಾಲೆಗಳಲ್ಲಿ ಪಾಠಶಾಲೆ, ಅನಾಥಾಲಯ ಮತ್ತು ಕೈಗಾರಿಕಾ ಮನೆ ಎಂಬ ಮೂರೂ ಗುಣಗಳು ಬೆರೆತಿದ್ದವು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 32 ಅಂಧ ಶಾಲೆಗಳಿದ್ದವೆಂದು ಸಾಮಾನ್ಯವಾಗಿ ಲೆಕ್ಕ ಹಾಕಲಾಗುತ್ತದೆ.

ಮೈಸೂರು ಸಂಸ್ಥಾನ

ಕನ್ನಡನಾಡಿನ ಮೊದಲ ಅಂಧ ಶಾಲೆ 1901ರಲ್ಲಿ ಮೈಸೂರು ನಗರದಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ರೀಜೆಂಟ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಹುಟ್ಟಿತು. ಕಿವುಡರು ಮತ್ತು ಕುರುಡರು ಇಬ್ಬರಿಗೂ ಸೇರಿ ಒಂದೇ ಶಾಲೆ ಎಂಬುದು ಅದರ ಲಕ್ಷಣ. ಒಬ್ಬರಿಗೆ ಕಣ್ಣೇ ಆಧಾರ, ಇನ್ನೊಬ್ಬರಿಗೆ ಕಿವಿಯೇ ಆಧಾರವಾಗಿರುವಾಗ ಇಬ್ಬರನ್ನೂ ಒಂದೇ ಸೂರಿನಡಿ ತಂದುದಕ್ಕೆ ಬೋಧನಾಕ್ರಮದ ದೃಷ್ಟಿಯಿಂದ ಯಾವ ಸಮರ್ಥನೆಯೂ ಇಲ್ಲ. ಹಣ, ಕಟ್ಟಡ ಮತ್ತು ತರಬೇತಾದ ಶಿಕ್ಷಕರ ಅಭಾವವೇ ಅದರ ಕಾರಣ. ಇಂಥ ಜೋಡಿಶಾಲೆಗಳು ಆ ಕಾಲದಲ್ಲಿ ಲೋಕದ ಹಲವೆಡೆ ಇದ್ದವು. ಮೈಸೂರಿನ ಶಾಲೆಯ ವಿಶೇಷವೆಂದರೆ, ಕನ್ನಡಕ್ಕೆಂದು ಹೊಂದಿಸಿದ ಚುಕ್ಕೆಲಿಪಿಯೊಂದು ಅಲ್ಲಿ ಬಳಕೆಗೆ ಬಂದುದು. ‘ಮೈಸೂರು ಬ್ರೈಲ್’ ಎಂದು ಹೆಸರಾದ ಅದು, ಭಾರತದಲ್ಲಿ ಏಕಕಾಲಕ್ಕೆ ಚಾಲ್ತಿಯಲ್ಲಿದ್ದ ಹಲವು ಬ್ರೈಲ್ ಪದ್ಧತಿಗಳಲ್ಲಿ ಒಂದಾಗಿತ್ತು.

ಗದಗ: ಸಂಗೀತದ ದಾರಿ

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ ಅಂಧ ಶಿಕ್ಷಣ ಬೆಳೆದದ್ದು ಮಿಷನ್ನಿನಿಂದಲೂ ಅಲ್ಲ, ಸರಕಾರದಿಂದಲೂ ಅಲ್ಲ, ಗುರುಕುಲದಿಂದ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತಿ ಪಡೆದು, ಕುರುಡ ಹಾಗೂ ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಮುಂದೆ ಇದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಅವರ ನಂತರ ಆಶ್ರಮದ ಹೊಣೆ ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010). ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅವರು ಗಾಯಕರು, ಹಲವು ವಾದ್ಯಗಳಲ್ಲಿ ನುರಿತವರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥರಚನೆ ಮಾಡಿದವರು. 2010ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾದರು.

ಪುಣ್ಯಾಶ್ರಮವು ಮೂರು ಅಂಶಗಳಲ್ಲಿ ಮಿಷನ್ ಶಾಲೆಗಳಿಂದ ಬೇರೆಯಾಗುತ್ತದೆ. ಅಲ್ಲಿ ಗುರುವೂ ಕುರುಡ, ಶಿಷ್ಯನೂ ಕುರುಡ. ಆದ್ದರಿಂದ ಬೋಧನೆ ಕಾಣುವವರಿಂದ ಕಾಣದವರಿಗೆ ಸಲ್ಲುವ ಉಪಕಾರದ ರೂಪ ತಾಳಲಿಲ್ಲ. ಬಸವರಾಜ ರಾಜಗುರು ಅವರಂಥ ಕಣ್ಣುಳ್ಳ ಶಿಷ್ಯರೂ ಅದೇ ಪರಂಪರೆಯಲ್ಲಿ ಕಲಿತದ್ದರಿಂದ, ಅಂಧ ಮಕ್ಕಳು ಪ್ರತ್ಯೇಕ ಗುಂಪಾಗಿ ಉಳಿಯಲಿಲ್ಲ. ಮೂರನೆಯದಾಗಿ, ಕಲಿತ ವಿದ್ಯೆಗೆ ನಾಡಿನಲ್ಲಿ ಮೊದಲೇ ಗಿರಾಕಿಗಳಿದ್ದರು: ಕೀರ್ತನೆ, ಪುರಾಣ ಪ್ರವಚನ, ನಾಟಕ ಕಂಪನಿಯ ಹಾರ್ಮೋನಿಯಂ-ತಬಲಾ, ಶಾಲೆಗಳ ಸಂಗೀತ ಪಾಠ. ಆಶ್ರಮದ ಅನ್ನದಾಸೋಹಕ್ಕೆ ಬೇಕಾದ ಹಣ ಭಕ್ತರ ಕಾಣಿಕೆಯಿಂದಲೂ ತುಲಾಭಾರದಿಂದಲೂ ಆಶ್ರಮದ್ದೇ ನಾಟಕ ಕಂಪನಿಯಿಂದಲೂ ಬರುತ್ತಿತ್ತು. ಸಂಗೀತದ ಒಲವಿಲ್ಲದ ಮಗುವಿಗೆ ಈ ದಾರಿ ಕಿರಿದಾದುದೆಂಬುದು ನಿಜ. ಆದರೂ ವೃತ್ತಿ ತರಬೇತಿ ಎಂಬ ಮಾತಿನ ಪೂರ್ಣಾರ್ಥದಲ್ಲಿ, ಎಂದರೆ ಕಲಿತ ಕಸುಬಿನಿಂದ ಕಲಿತವನು ಬದುಕಬೇಕೆಂಬ ಅರ್ಥದಲ್ಲಿ, ಆ ಕಾಲದ ಕನ್ನಡನಾಡಿನಲ್ಲಿ ಹೆಚ್ಚು ಫಲಿಸಿದ್ದು ಇದೇ.

ಕರಾವಳಿಯ ಸ್ಥಿತಿ

ಬ್ರಿಟಿಷರು 1799ರಲ್ಲಿ ವಶಪಡಿಸಿಕೊಂಡ ಕೆನರಾ ಜಿಲ್ಲೆಯನ್ನು 1860ರ ಸುಮಾರಿಗೆ ಎರಡಾಗಿ ಒಡೆದು, ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕುಂದಾಪುರ ತಾಲೂಕು ಮಾತ್ರ ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿ ಉಳಿಯಿತು. ಬೈಂದೂರು ಆಗ ಕುಂದಾಪುರ ತಾಲೂಕಿನ ಭಾಗ, ಬ್ರಹ್ಮಾವರ ಉಡುಪಿ ತಾಲೂಕಿನ ಭಾಗ. ಈ ಗಡಿಗಳು ಅಂಧ ಮಗುವಿನ ಪಾಲಿಗೆ ಬಹಳ ಮಹತ್ವದವಾಗಿದ್ದವು. ಘಟ್ಟದ ಮೇಲಣ ಮೈಸೂರಿನಲ್ಲಿ ಕನ್ನಡದಲ್ಲೇ ಕಲಿಸುವ ಶಾಲೆಯಿತ್ತಾದರೂ ಅದು ಪರಸಂಸ್ಥಾನದ ಶಾಲೆ. ಗದಗಿನ ಆಶ್ರಮವಿದ್ದುದು ಮುಂಬಯಿ ಪ್ರಾಂತದಲ್ಲಿ. ಸ್ವಂತ ಪ್ರಾಂತದ ಪಾಳಯಂಕೋಟೆಯಲ್ಲಿಯೂ, ಆಮೇಲೆ ಮದರಾಸಿನ ಸಮೀಪದ ಪೂನಮಲ್ಲಿಯಲ್ಲಿಯೂ ನಡೆದ ಶಾಲೆಗಳ ಭಾಷೆ ತಮಿಳು. ಭಾಷೆ ಹೊಂದಿದಲ್ಲಿ ಆಡಳಿತ ಬೇರೆ, ಆಡಳಿತ ಒಂದಾದಲ್ಲಿ ಭಾಷೆ ಬೇರೆ ಎಂಬುದು ಈ ಸೀಮೆಯ ಪಾಡಾಗಿತ್ತು.

ಭೂಗೋಳವೂ ಅನುಕೂಲವಾಗಿರಲಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ, ಬೈಂದೂರಿನಿಂದ ಮಂಗಳೂರಿಗೆ ಹೋಗುವವರು ಸೇತುವೆಗಳಾಗುವ ತನಕ ಹೊಳೆಯಿಂದ ಹೊಳೆಗೆ ಕಡವಿನ ದೋಣಿಗಳನ್ನು ಹತ್ತಿಳಿಯಬೇಕಿತ್ತು. ಕುಂದಾಪುರವೊಂದನ್ನು ದಾಟುವುದಕ್ಕೇ ಪಂಚಗಂಗಾವಳಿಯ ಹರವನ್ನು ಹಾಯಬೇಕಿತ್ತು. ಆರೇಳು ವರ್ಷದ ಕುರುಡು ಮಗುವನ್ನು ಇಷ್ಟು ದೂರದ ವಸತಿಶಾಲೆಗೆ ಒಯ್ದು ಬಿಡುವುದು, ರಜೆಗೆ ಕರೆತರುವುದು ಗೇಣಿ ಒಕ್ಕಲಿನ ಮನೆಗಾಗಲಿ ಮೀನುಗಾರರ ಮನೆಗಾಗಲಿ ಎಟುಕುವ ಮಾತಲ್ಲ.

ಕರಾವಳಿಯಲ್ಲಿ ಕೈಗಾರಿಕಾ ತರಬೇತಿಯ ಅನುಭವ ಇಲ್ಲದಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ, ಮುದ್ರಣ ಮತ್ತು 1865ರಿಂದ ಹಂಚಿನ ಕಾರ್ಖಾನೆಗಳನ್ನು ನಡೆಸಿ, ಕಸುಬಿನ ಮೂಲಕ ಜನರನ್ನು ನೆಲೆಗೊಳಿಸುವ ಪದ್ಧತಿಯನ್ನು ಇಲ್ಲಿ ಬೇರೂರಿಸಿತ್ತು. 1854ರಿಂದ ಉಡುಪಿಯಲ್ಲೂ ಅದರ ಕೇಂದ್ರವಿತ್ತು. ಆದರೆ ಅಂಧ ಮಕ್ಕಳಿಗೆಂದು ಪ್ರತ್ಯೇಕ ಶಾಲೆ ಕುಂದಾಪುರ ಸೀಮೆಯಲ್ಲಿ ಹುಟ್ಟಲಿಲ್ಲ. ಕುರುಡು ಮಗುವಿನ ಶಿಕ್ಷಣವೆಂದರೆ ಮನೆಯಲ್ಲಿ ಕೇಳಿ ಕಲಿತದ್ದು: ಸಂಜೆಯ ಭಜನೆ, ಹಿರಿಯರ ಬಾಯಿಪಾಠ, ಇರುಳಿಡೀ ನಡೆಯುವ ಬಯಲಾಟದ ಪದ-ಅರ್ಥ.

ಲಿಪಿ ಮತ್ತು ಅದರ ರಚನೆ

ಬ್ರೈಲಿನ ಮೂಲ ಘಟಕ ಎರಡು ಸಾಲುಗಳಲ್ಲಿ ಮೂರುಮೂರಾಗಿ ನಿಲ್ಲುವ ಆರು ಚುಕ್ಕೆಗಳ ಮನೆ. ಎಡಸಾಲಿನವನ್ನು ಮೇಲಿನಿಂದ ಕೆಳಗೆ 1, 2, 3 ಎಂದೂ ಬಲಸಾಲಿನವನ್ನು 4, 5, 6 ಎಂದೂ ಎಣಿಸಲಾಗುತ್ತದೆ. ಯಾವ ಚುಕ್ಕೆ ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ 63 ಗುರುತುಗಳು ಸಾಧ್ಯ. ಒಂದು ಮನೆ ಬೆರಳ ತುದಿಯಡಿ ಒಮ್ಮೆಗೇ ಅಡಗುವಷ್ಟು ಚಿಕ್ಕದು. ಗೆರೆಯ ಲಿಪಿಗಳನ್ನು ಬೆರಳು ಹಿಂಬಾಲಿಸಿಕೊಂಡು ಹೋಗಬೇಕು, ಚುಕ್ಕೆಯ ಲಿಪಿಯನ್ನು ಮುಟ್ಟಿದೊಡನೆ ಗ್ರಹಿಸಬಹುದು. ಮೂನ್ ಲಿಪಿಯನ್ನು ಬ್ರೈಲ್ ಹಿಂದಿಕ್ಕಿದ್ದು ಇದರಿಂದ, ಮತ್ತು ಕುರುಡರು ತಾವೇ ಬರೆಯಬಲ್ಲ ಲಿಪಿ ಅದಾಗಿದ್ದರಿಂದ.

ಬರೆಯಲು ಬೇಕಾದ ಸಲಕರಣೆಗಳು ಎರಡೇ: ಸಾಲುಸಾಲಾಗಿ ಕಿಂಡಿಗಳಿರುವ ಲೋಹದ ಪಟ್ಟಿಯನ್ನು ಕೂಡಿಸಿದ ಹಲಗೆ, ಮತ್ತು ಗುಂಡುಹಿಡಿಯ ಮೊಂಡು ದಬ್ಬಳದಂಥ ಚುಚ್ಚುಕಡ್ಡಿ. ಪಟ್ಟಿಯ ನಡುವೆ ದಪ್ಪ ಕಾಗದ ಸಿಕ್ಕಿಸಿ, ಒಂದೊಂದು ಕಿಂಡಿಯಲ್ಲೂ ಬೇಕಾದ ಚುಕ್ಕೆಗಳನ್ನು ಒತ್ತಲಾಗುತ್ತದೆ. ಉಬ್ಬು ಬೀಳುವುದು ಕಾಗದದ ಹಿಂಬದಿಗೆ. ಆದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಎಡಬಲವಾಗಿ ಹೊರಳಿಸಿ. ಕಾಗದ ತೆಗೆದು ಮಗುಚಿದ ಮೇಲೆ ಓದುವುದು ಎಡದಿಂದ ಬಲಕ್ಕೆ. ಹೊಸದಾಗಿ ಕಲಿಯುವ ಮಗು ಮೊದಲು ತೊಡಕುವುದು ಈ ಹೊರಳಿಕೆಯಲ್ಲೇ.

ಭಾರತದ ಭಾಷೆಗಳಿಗೆ ಬ್ರೈಲನ್ನು ಅಳವಡಿಸುವಾಗ ಪ್ರತಿ ಶಾಲೆಯೂ ತನ್ನದೇ ದಾರಿ ಹಿಡಿಯಿತು. ಆಸ್ಕ್‌ವಿತ್ ಅವರ ತಮಿಳು ಬ್ರೈಲ್, ಕಲ್ಕತ್ತದ ಷಾ ಬ್ರೈಲ್, ಗುಜರಾತಿ-ಮರಾಠಿಗಳಿಗೆ ನೀಲಕಂಠರಾಯ ಛತ್ರಪತಿಯವರ ಬ್ರೈಲ್, ಮೈಸೂರಿನ ಕನ್ನಡ ಬ್ರೈಲ್ ಇವೆಲ್ಲ ಪರಸ್ಪರ ಹೊಂದುತ್ತಿರಲಿಲ್ಲ. ಎಲ್ಲ ಭಾಷೆಗಳಿಗೂ ಒಂದೇ ಲಿಪಿ ಇರಲೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ‘ಓರಿಯಂಟಲ್ ಬ್ರೈಲ್’ ಎಂಬುದನ್ನು ರೂಪಿಸಿದ ಇಬ್ಬರಲ್ಲಿ ಜೆ. ನೋಲ್ಸ್ ಮಿಷನರಿ, ಇನ್ನೊಬ್ಬರಾದ ಎಲ್. ಗಾರ್ತ್‌ವೇಟ್ ಹಿಂದೆ ಮಲಬಾರ್ ಮತ್ತು ಕೆನರಾಗಳ ಶಾಲಾ ತಪಾಸಣಾಧಿಕಾರಿಯಾಗಿದ್ದವರು. ಹಲವು ಲಿಪಿಗಳನ್ನು ಕಂಡ ಕರಾವಳಿಯ ಅಧಿಕಾರಿಗೆ ಏಕಲಿಪಿಯ ಹಂಬಲ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆ ಯತ್ನ ನೆಲೆಗೊಳ್ಳಲಿಲ್ಲ. ಕೊನೆಗೆ 1951ರಲ್ಲಿ, ಯುನೆಸ್ಕೊ ಬೈರೂತಿನಲ್ಲಿ ಕರೆದ ಸಮಾಲೋಚನೆಯ ಬೆನ್ನಿಗೇ, ಎಲ್ಲ ಭಾರತೀಯ ಭಾಷೆಗಳಿಗೂ ಸಮಾನವಾದ ‘ಭಾರತಿ ಬ್ರೈಲ್’ ಅಂಗೀಕಾರವಾಯಿತು. ಕನ್ನಡದ ‘ಕ’, ತಮಿಳಿನ ‘ಕ’, ಇಂಗ್ಲಿಷಿನ ‘ಕೆ’ ಮೂರಕ್ಕೂ ಅದರಲ್ಲಿ ಒಂದೇ ಗುರುತು.

ಭಾರತಿ ಬ್ರೈಲಿನಲ್ಲಿ ಕನ್ನಡ ತನ್ನ ಒತ್ತಕ್ಷರಗಳನ್ನೂ ಗುಣಿತದ ಕೊಂಬು-ಇಳಿಗಳನ್ನೂ ಬಿಟ್ಟು, ಉಚ್ಚಾರಣೆಯ ಕ್ರಮದಲ್ಲಿ ಸಾಲಾಗಿ ಹರಡಿಕೊಳ್ಳುತ್ತದೆ. ವ್ಯಂಜನದಲ್ಲಿ ಅಕಾರ ಅಂತರ್ಗತ. ಬೇರೆ ಸ್ವರ ಬಂದರೆ ಆ ಸ್ವರವನ್ನು ವ್ಯಂಜನದ ನಂತರ ಪೂರ್ಣಾಕ್ಷರವಾಗಿಯೇ ಬರೆಯಬೇಕು. ‘ಕುಂದಾಪುರ’ ಎಂಬ ಹೆಸರು ಕ (1, 3), ಉ (1, 3, 6), ಅನುಸ್ವಾರ (5, 6), ದ (1, 4, 5), ಆ (3, 4, 5), ಪ (1, 2, 3, 4), ಉ (1, 3, 6), ರ (1, 2, 3, 5) ಎಂದು ಎಂಟು ಮನೆಗಳನ್ನು ಹಿಡಿಯುತ್ತದೆ. ಸಂಯುಕ್ತಾಕ್ಷರ ಬಂದಾಗ ಅಕಾರ ಕಳೆದುಕೊಳ್ಳುವ ವ್ಯಂಜನಕ್ಕೆ ಮೊದಲು 4ನೆಯ ಚುಕ್ಕೆಯೊಂದನ್ನೇ ಇಡಲಾಗುವುದರಿಂದ, ‘ಬ್ರಹ್ಮಾವರ’ದಲ್ಲಿ ಆ ಒಂಟಿ ಚುಕ್ಕೆ ಎರಡು ಕಡೆ ಬಂದು ಒಟ್ಟು ಒಂಬತ್ತು ಮನೆಗಳಾಗುತ್ತವೆ. ಮುದ್ರಿತ ಕನ್ನಡದಲ್ಲಿ ‘ಹ್ಮ’ ಬರೆಯಲು ಮಕಾರವನ್ನು ಕೆಳಗೆ ಒತ್ತಬೇಕು, ಬ್ರೈಲಿನಲ್ಲಿ ಕಿವಿಗೆ ಕೇಳಿದ ಕ್ರಮವೇ ಸಾಕು.

ಲೆಕ್ಕ ಮತ್ತು ಇತರ ಪಾಠಗಳು

ಅಂಕಗಣಿತಕ್ಕೆ ಬಹುಕಾಲ ಬಳಕೆಯಲ್ಲಿದ್ದುದು ಟೇಲರ್ ಫಲಕ. ಎಂಟು ಮೂಲೆಗಳ ನಕ್ಷತ್ರಾಕಾರದ ಗುಳಿಗಳಿರುವ ಈ ಹಲಗೆಯಲ್ಲಿ, ಒಂದು ತುದಿಗೆ ಏಣು, ಇನ್ನೊಂದು ತುದಿಗೆ ಎರಡು ಮೊನೆಗಳಿರುವ ಚೌಕ ಸೀಸದ ಮೊಳೆಗಳನ್ನು ನಿಲ್ಲಿಸಲಾಗುತ್ತದೆ. ಏಣು ಯಾವ ದಿಕ್ಕಿಗಿದೆ ಎಂಬುದರಿಂದ ಅಂಕೆ ಗೊತ್ತಾಗುತ್ತದೆ. ಎರಡು ತುದಿಗಳಿಂದ ತಲಾ ಎಂಟರಂತೆ 16 ಗುರುತುಗಳು ದೊರೆತು, ಅಂಕೆಗಳಿಗೂ ಕೂಡು-ಕಳೆ ಚಿಹ್ನೆಗಳಿಗೂ ಸಾಲುತ್ತವೆ. ಈಚೆಗೆ ಮಣಿಚೌಕಟ್ಟು ಇದರ ಸ್ಥಾನಕ್ಕೆ ಬಂದಿದೆ. ಭೂಗೋಳಕ್ಕೆ ಉಬ್ಬುನಕ್ಷೆ, ಸಂಚಾರಕ್ಕೆ ಬಿಳಿಕೋಲು, ಆಟಕ್ಕೆ ಒಳಗೆ ಗೆಜ್ಜೆಯಂತೆ ಸದ್ದು ಮಾಡುವ ಚೆಂಡು ಬಳಸುತ್ತಾರೆ.

ವೃತ್ತಿ ತರಬೇತಿಯ ಬಗೆಗಳು

ವಸಾಹತುಕಾಲದ ಅಂಧ ಶಾಲೆಗಳ ಕಸುಬಿನ ಪಟ್ಟಿ ಲಂಡನ್ನಿನಿಂದ ಮದರಾಸಿನವರೆಗೆ ಹೆಚ್ಚು ಬದಲಾಗುವುದಿಲ್ಲ: ಬೆತ್ತ ಹೆಣಿಗೆ, ಬುಟ್ಟಿ, ಚಾಪೆ, ಕೈಮಗ್ಗ, ಮಂಚದ ನವಾರು, ಹೆಣ್ಣುಮಕ್ಕಳಿಗೆ ಹೆಣಿಗೆ, ಗಂಡುಮಕ್ಕಳಿಗೆ ಸಂಗೀತ. ಇವುಗಳಲ್ಲಿ ಬೆತ್ತದ ಕೆಲಸ ಅಂಧರ ಕಸುಬೆಂದೇ ಹೆಸರಾಯಿತು. ಕುರ್ಚಿಯ ಚೌಕಟ್ಟಿನ ಸುತ್ತ ಕೊರೆದ ತೂತುಗಳನ್ನು ಬೆರಳಿನಿಂದ ಎಣಿಸಿ, ನೀರಿನಲ್ಲಿ ನೆನೆಸಿ ಮೆತ್ತಗಾದ ಬೆತ್ತದ ಸೀಳನ್ನು ಮೊದಲು ಉದ್ದಕ್ಕೆ, ಅನಂತರ ಅಡ್ಡಕ್ಕೆ, ಕೊನೆಗೆ ಎರಡು ಓರೆಗಳಲ್ಲಿ ಒಂದರ ಮೇಲೊಂದು ಒಂದರ ಕೆಳಗೊಂದು ದಾಟಿಸುತ್ತ, ಜಾರದಂತೆ ತೂತಿಗೆ ಬೆಣೆ ಜಡಿಯುತ್ತ ಹೋಗಬೇಕು. ನೇಯ್ಗೆ ಸರಿಯಾಗಿದ್ದರೆ ನಡುವೆ ಉಳಿಯುವ ಕಿಂಡಿ ಎಂಟು ಮೂಲೆಗಳದ್ದಾಗಿ ಬೆರಳಿಗೆ ತಿಳಿಯುತ್ತದೆ. ತಪ್ಪನ್ನು ಕೈಯೇ ಹಿಡಿಯಬಲ್ಲ ಕೆಲಸವಾದ್ದರಿಂದ ಅದು ಅಂಧರಿಗೆ ಒಪ್ಪಿತು. ಕಚೇರಿ, ಕೋರ್ಟು, ರೈಲ್ವೆಗಳಲ್ಲಿ ಬೆತ್ತದ ಕುರ್ಚಿಗಳು ಇದ್ದಷ್ಟು ಕಾಲ ಬೇಡಿಕೆಗೂ ಕೊರತೆಯಾಗಲಿಲ್ಲ.

ಆದರೆ ಈ ಬೇಡಿಕೆಯಿದ್ದುದು ಪೇಟೆಗಳಲ್ಲಿ. ತರಬೇತಿ ಮುಗಿಸಿ ಹಳ್ಳಿಗೆ ಮರಳಿದವನಿಗೆ ಬೆತ್ತ ಒದಗಿಸುವವರೂ ಇರಲಿಲ್ಲ, ಕುರ್ಚಿ ತರುವವರೂ ಇರಲಿಲ್ಲ. ಕರಾವಳಿಯ ಮನೆಗಳಲ್ಲಿ ಸ್ಪರ್ಶದಿಂದಲೇ ನಡೆಯಬಲ್ಲ ಕೆಲಸಗಳಿಗೆ ಬರವಿರಲಿಲ್ಲ: ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಬಡಿದು ಕತ್ತ ಬಿಡಿಸುವುದು, ಅದನ್ನು ಅಂಗೈಯಲ್ಲಿ ಹೊಸೆದು ಹುರಿ ಮಾಡುವುದು, ತೆಂಗಿನ ಮಡಲು ನೇಯುವುದು, ಓಲಿಚಾಪೆ ಹೆಣೆಯುವುದು. ದೂರದ ಶಾಲೆಗಳ ಪಠ್ಯಕ್ರಮ ಇಂಥ ಮನೆಗಸುಬುಗಳನ್ನು ತರಬೇತಿಯ ತಳಹದಿಯಾಗಿ ಎಣಿಸದೆ, ಒಂದೇ ಪಟ್ಟಿಯನ್ನು ಎಲ್ಲ ಸೀಮೆಗಳಿಗೂ ಅನ್ವಯಿಸಿದ್ದು ಆ ಪದ್ಧತಿಯ ಮುಖ್ಯ ದೌರ್ಬಲ್ಯ.

ಆಫ್ರಿಕದ ವಸಾಹತುಗಳೊಡನೆ ಹೋಲಿಕೆ

ಇದೇ ದೌರ್ಬಲ್ಯ ಆಫ್ರಿಕದ ವಸಾಹತುಗಳಲ್ಲಿಯೂ ಕಾಣಿಸಿಕೊಂಡಿತು. ದಕ್ಷಿಣ ಆಫ್ರಿಕದ ವೂಸ್ಟರಿನಲ್ಲಿ ಡಚ್ ರಿಫಾರ್ಮ್ಡ್ ಚರ್ಚು 1881ರಲ್ಲಿ ತೆರೆದ ಶಾಲೆ, ಮೈಸೂರಿನದರಂತೆ, ಕಿವುಡರಿಗೂ ಕುರುಡರಿಗೂ ಸೇರಿದ್ದಾಗಿತ್ತು. ಆದರೆ ಅದು ಬಿಳಿಯರ ಶಾಲೆ. ಉಷ್ಣವಲಯದ ಬ್ರಿಟಿಷ್ ವಸಾಹತುಗಳಲ್ಲಿ ಶಾಲೆಗಳು ಬಂದದ್ದು ತಡವಾಗಿ, ಹೆಚ್ಚಾಗಿ ಎರಡನೆಯ ಮಹಾಯುದ್ಧದ ನಂತರ. ಕೀನ್ಯಾದ ಥೀಕಾದಲ್ಲಿ ಸಾಲ್ವೇಷನ್ ಆರ್ಮಿ 1946ರಲ್ಲಿಯೂ, ಉತ್ತರ ನೈಜೀರಿಯದ ಗಿಂದಿರಿಯಲ್ಲಿ ಮಿಷನ್ನೊಂದು 1953ರಲ್ಲಿಯೂ ಶಾಲೆ ತೆರೆದವು. ಇಂದಿನ ಘಾನಾದ ಆಕ್ರೊಪಾಂಗಿನಲ್ಲಿ 1940ರ ದಶಕದಲ್ಲಿ ತೊಡಗಿದ ಅಂಧ ಶಾಲೆಯ ನೆಲವೂ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನೇ 1835ರಲ್ಲಿ ನೆಲೆಯೂರಿದ್ದ ಸ್ಥಳ.

ಬಾಲ್ಯದಲ್ಲಿ ಶಾಲೆಯ ಪ್ರಯೋಗಶಾಲೆಯ ಅವಘಡದಲ್ಲಿ ದೃಷ್ಟಿ ಕಳೆದುಕೊಂಡಿದ್ದ ಜಾನ್ ವಿಲ್ಸನ್ (1919–1999), 1940ರ ದಶಕದ ಕೊನೆಯಲ್ಲಿ ಆಫ್ರಿಕವನ್ನು ಸುತ್ತಿದ ಮೇಲೆ, 1950ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಅಂಧರ ಸಂಘದ ಸ್ಥಾಪನೆಗೆ ಕಾರಣರಾದರು. ಅದೇ ಇಂದಿನ ಸೈಟ್‌ಸೇವರ್ಸ್. ಬುಟ್ಟಿ ಹೆಣೆಯುವುದನ್ನು ಕಲಿತವನು ಊರಿಗೆ ಹೋಗಿ ಮಾಡುವುದೇನು ಎಂಬ ಪ್ರಶ್ನೆಯಿಂದ, ಯುಗಾಂಡಾದ ಸಲಾಮಾದಲ್ಲಿ ಅಂಧರಿಗೆ ಬೇಸಾಯ ಕಲಿಸುವ ಗ್ರಾಮೀಣ ಕೇಂದ್ರ ಹುಟ್ಟಿಕೊಂಡಿತು. ಹಗ್ಗ ಕಟ್ಟಿ ಸಾಲು ಗುರುತಿಸಿ ಬಿತ್ತುವುದು, ಎಲೆ ಮುಟ್ಟಿ ಕಳೆ ಬೇರ್ಪಡಿಸುವುದು ಇಂಥ ತರಬೇತಿಯ ಪಾಠಗಳು. ಭಾರತದಲ್ಲಿ ಇದಕ್ಕೆ ಸಮನಾದ ಯತ್ನ ಗುಜರಾತಿನ ಫಾಂಸಾದಲ್ಲಿ 1960ರಲ್ಲಿ ಆರಂಭವಾದ ಕೃಷಿ ತರಬೇತಿ ಕೇಂದ್ರ.

ಸ್ವಾತಂತ್ರ್ಯಾನಂತರ

1944ರಲ್ಲಿ ಕೇಂದ್ರ ಸರಕಾರಕ್ಕೆ ಸಲ್ಲಿಕೆಯಾದ ಅಂಧತ್ವದ ವರದಿ, ಈ ಕೆಲಸವನ್ನು ದಾನಧರ್ಮದಿಂದ ಸರಕಾರದ ಹೊಣೆಗೆ ತರಬೇಕೆಂಬ ವಿಚಾರಕ್ಕೆ ಅಡಿಪಾಯ ಹಾಕಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ತೆರೆದಿದ್ದ ವಸತಿಗೃಹದ ಬುಡದಲ್ಲೇ 1950ರಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರವೂ 1951ರಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯವೂ ಬೆಳೆದವು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರು, ಗದಗ, ದಕ್ಷಿಣ ಕನ್ನಡ ಮೂರೂ ಒಂದೇ ರಾಜ್ಯದೊಳಗೆ ಬಂದು, ಕುಂದಾಪುರದ ಮಗುವಿಗೆ ಆಡಳಿತದ ಗಡಿ ಅಳಿಯಿತು. ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಕನ್ನಡ ಮಕ್ಕಳಿಗೆ ಹೊಸದೊಂದು ಗಡಿ ಎದುರಾಯಿತು. ಮೈಸೂರು, ಕಲಬುರಗಿ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಸರಕಾರಿ ಅಂಧ ಮಕ್ಕಳ ಶಾಲೆಗಳು ನಡೆದುಬಂದಿವೆ. ಪಠ್ಯಪುಸ್ತಕಗಳು ಮೈಸೂರಿನ ಸರಕಾರಿ ಬ್ರೈಲ್ ಮುದ್ರಣಾಲಯದಲ್ಲಿ ಅಚ್ಚಾಗುತ್ತವೆ. ಬೆಂಗಳೂರಿನಲ್ಲಿ ರಮಣ ಮಹರ್ಷಿ ಅಂಧರ ಅಕಾಡೆಮಿ, ಮಿತ್ರಜ್ಯೋತಿ, ಸಮರ್ಥನಂ ಮೊದಲಾದ ಸ್ವಯಂಸೇವಾ ಸಂಸ್ಥೆಗಳು ಹುಟ್ಟಿಕೊಂಡವು. ಕರಾವಳಿಗೆ ಹತ್ತಿರದಲ್ಲಿ ಮಂಗಳೂರಿನ ರೋಮನ್ ಮತ್ತು ಕ್ಯಾಥರಿನ್ ಲೋಬೊ ಶಾಲೆಯಿದೆ.

1964–66ರ ಕೊಠಾರಿ ಆಯೋಗ ಅಂಗವಿಕಲ ಮಕ್ಕಳನ್ನು ಆದಷ್ಟು ಸಾಮಾನ್ಯ ಶಾಲೆಗಳಲ್ಲೇ ಕಲಿಸಬೇಕೆಂದು ಸೂಚಿಸಿತು. 1974ರಲ್ಲಿ ಇದಕ್ಕಾಗಿ ಕೇಂದ್ರ ಯೋಜನೆ ಬಂತು. 1995ರ ಅಂಗವಿಕಲರ ಅಧಿನಿಯಮ ಸರಕಾರಿ ಹುದ್ದೆಗಳಲ್ಲಿ ಶೇ 3ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 2016ರ ಅಧಿನಿಯಮ ಅದನ್ನು ಶೇ 4ಕ್ಕೆ ಏರಿಸಿ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. ಕಸುಬುಗಳ ಪಟ್ಟಿಯೂ ಈ ಅವಧಿಯಲ್ಲಿ ಬದಲಾಯಿತು. ಬೆತ್ತದ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು. ಬಹುಕಾಲ ಅಂಧರಿಗೆ ಆಸರೆಯಾಗಿದ್ದ ಟೆಲಿಫೋನ್ ವಿನಿಮಯ ಕೇಂದ್ರದ ಕೆಲಸ ಸ್ವಯಂಚಾಲಿತ ಯಂತ್ರಗಳಿಂದ ಕುಗ್ಗಿತು. ಅಧ್ಯಾಪನ, ಬ್ಯಾಂಕು ಮತ್ತು ಕಂಪ್ಯೂಟರ್ ಆಧರಿಸಿದ ಕಚೇರಿ ಕೆಲಸಗಳು ಮುಂದೆ ಬಂದವು.

ಪ್ರಸ್ತುತ ಸ್ಥಿತಿ

ಉಡುಪಿ ಜಿಲ್ಲೆ 1997ರಲ್ಲಿ ರಚನೆಯಾಯಿತು. ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಾಗುವುದಕ್ಕೆ ಮೊದಲೇ ಕುಂದಾಪುರದಂತೆ ಪ್ರತ್ಯೇಕ ಶೈಕ್ಷಣಿಕ ವಲಯಗಳಾಗಿದ್ದವು. ಈಗ ಇಲ್ಲಿನ ಅಂಧ ಮಕ್ಕಳ ಶಿಕ್ಷಣ ಮುಖ್ಯವಾಗಿ ನಿಂತಿರುವುದು ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ಬಿಐಇಆರ್‌ಟಿಗಳ ಮೇಲೆ, ಎಂದರೆ ವಲಯ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಮೇಲೆ. ಮಗು ಊರಿನ ಶಾಲೆಯಲ್ಲೇ ದಾಖಲಾಗುತ್ತದೆ, ಬಿಐಇಆರ್‌ಟಿ ಅಲ್ಲಿಗೆ ಭೇಟಿ ಕೊಟ್ಟು ನೆರವಾಗುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಏರ್ಪಾಡಿದೆ. ಗ್ರಾಮ ಪಂಚಾಯತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನ, ಬಸ್ ಪಾಸುಗಳ ಕೆಲಸದಲ್ಲಿ ಕುಟುಂಬಗಳಿಗೆ ನೆರವಾಗುತ್ತಾರೆ. ಹೀಗೆ, ಮಗುವನ್ನು ಶಾಲೆಗೆ ಒಯ್ಯುತ್ತಿದ್ದ ವಸತಿಶಾಲೆಯ ಪದ್ಧತಿಗೆ ಪ್ರತಿಯಾಗಿ ಶಿಕ್ಷಕರನ್ನು ಮಗುವಿನ ಬಳಿಗೆ ಕಳುಹಿಸುವ ಪದ್ಧತಿ ಬಂದಿದೆ. ಇದರಿಂದ ಮನೆಯ ನಂಟು ಉಳಿಯುತ್ತದೆ. ಆದರೆ ಬ್ರೈಲ್ ದಿನವೂ ಅಭ್ಯಾಸ ಬೇಡುವ ವಿದ್ಯೆಯಾಗಿದ್ದು, ಹಲವು ಶಾಲೆಗಳನ್ನೂ ಹಲವು ಬಗೆಯ ನ್ಯೂನತೆಗಳ ಮಕ್ಕಳನ್ನೂ ನೋಡಿಕೊಳ್ಳಬೇಕಾದ ಒಬ್ಬ ಶಿಕ್ಷಕರ ಆಗೊಮ್ಮೆ ಈಗೊಮ್ಮೆಯ ಭೇಟಿಯಲ್ಲಿ ಅದು ಬೇರೂರುವುದು ಕಷ್ಟ. ಹಾಗಾಗಿ ಬೆರಳಿನಿಂದ ಚೆನ್ನಾಗಿ ಓದಬೇಕೆನ್ನುವ ಮಕ್ಕಳಿಗೆ ವಸತಿಶಾಲೆ ಇಂದಿಗೂ ಅನಗತ್ಯವಾಗಿಲ್ಲ.

ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು ಕನ್ನಡವನ್ನೂ ಓದಬಲ್ಲವಾಗಿದ್ದು, ರಾಜ್ಯ ಸರಕಾರ ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್‌ಗಳನ್ನು ನೀಡುವ ಯೋಜನೆಯನ್ನು ಹೊಂದಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಪುಸ್ತಕಗಳನ್ನು ಬ್ರೈಲ್ ಅಥವಾ ಧ್ವನಿರೂಪಕ್ಕೆ ತರಲು ಇದ್ದ ಅಡ್ಡಿಯನ್ನು ತೆಗೆಯಿತು. ಅದೇ ಉದ್ದೇಶದ ಮರ‍್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲಕ್ಕಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಪರೀಕ್ಷೆಗಳಲ್ಲಿ ಅಂಧ ಅಭ್ಯರ್ಥಿ ಲಿಪಿಕಾರನ ನೆರವನ್ನು, ಎಂದರೆ ಹೇಳಿದ್ದನ್ನು ಬರೆದುಕೊಡುವವರ ನೆರವನ್ನು ಪಡೆಯಬಹುದು. ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವೂ ಉಂಟು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನಗಳ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಸಂಗೀತದಂಥ ಪರ್ಯಾಯ ವಿಷಯಗಳನ್ನು ಆರಿಸಿಕೊಳ್ಳುವ ಅವಕಾಶವೂ ಅಂಗವಿಕಲ ವಿದ್ಯಾರ್ಥಿಗಳಿಗಿದೆ. ಉತ್ತೀರ್ಣತೆಗೆ ಇದು ಸಹಾಯಕವಾದರೂ, ಹದಿನೈದನೆಯ ವಯಸ್ಸಿನಲ್ಲೇ ಗಣಿತವನ್ನು ಬಿಟ್ಟ ವಿದ್ಯಾರ್ಥಿಗೆ ಪದವಿಪೂರ್ವ ಹಂತದ ವಿಜ್ಞಾನವೂ, ಅದನ್ನು ಆಧರಿಸಿದ ಕಂಪ್ಯೂಟರ್ ಶಿಕ್ಷಣದ ಬಹುಭಾಗವೂ ಮುಚ್ಚಿಹೋಗುತ್ತದೆ.